ಧರಣಿಗೆ ಬಂದವರೇ, ಚುನಾವಣೆಗೂ ನಿಲ್ಲಿ!

ರೈತ ಬಂಧುಗಳೇ, ಕೂಲಿ ಮಾಡುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

2023ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಸರ್ವೋದಯ ಕರ್ನಾಟಕ ಪಕ್ಷ ಗೆದ್ದದ್ದು 224ರಲ್ಲಿ ಒಂದೇ ಸೀಟು. ಮೇಲುಕೋಟೆಯಲ್ಲಿ ದರ್ಶನ್ ಪುಟ್ಟಣ್ಣಯ್ಯ ಗೆದ್ದ ದಿನ ಹಸಿರು ಶಾಲು ಬೀಸಿ ಕುಣಿದೆವು. ಕುಣಿಯಬೇಕಾದ ಗೆಲುವೇ ಅದು. ಆದರೆ ಅಲ್ಲಿ ಕಾಂಗ್ರೆಸ್ ತನ್ನ ಅಭ್ಯರ್ಥಿಯನ್ನು ಹಾಕದೆ ನಮಗೆ ಬೆಂಬಲ ಕೊಟ್ಟಿತ್ತು. ಅದನ್ನು ಮರೆತು ಲೆಕ್ಕ ಹಾಕಿದರೆ ಮುಂದಿನ ಸಲ ಮೋಸ ಹೋಗುವವರು ನಾವೇ.

ನಮ್ಮ ಚಳವಳಿ ಚಿಕ್ಕದಲ್ಲ. 1980ರಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿತು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ಸಾಲಕ್ಕೆ ಜಪ್ತಿ ಮಾಡಿಕೊಂಡು ಹೋದ ಸಾಮಾನನ್ನು ಜನ ಗುಂಪುಕಟ್ಟಿ ಹೋಗಿ ವಾಪಸ್ ತಂದರು. ಅಪ್ಪಣೆಯಿಲ್ಲದೆ ಅಧಿಕಾರಿ ಊರೊಳಗೆ ಕಾಲಿಡಬಾರದೆಂದು ಊರ ಬಾಗಿಲಲ್ಲೇ ಬೋರ್ಡು ಹಾಕಿದರು. ಅಂಥ ಸಂಘ 1989ರಲ್ಲಿ ವಿಧಾನಸಭೆಗೆ ಕಳಿಸಿದ್ದು ಬಾಬಾಗೌಡ ಪಾಟೀಲರೊಬ್ಬರನ್ನೇ. ಎರಡು ಕಡೆ ನಿಂತು ಎರಡೂ ಕಡೆ ಗೆದ್ದರು. ಅವರು ಬಿಟ್ಟುಕೊಟ್ಟ ಧಾರವಾಡದ ಸೀಟಿನಿಂದ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಸದನಕ್ಕೆ ಹೋದರು. 1994ರಲ್ಲಿ ಪಾಂಡವಪುರದಿಂದ ಕೆ.ಎಸ್. ಪುಟ್ಟಣ್ಣಯ್ಯ ಗೆದ್ದರು. ಆಮೇಲೆ ಮತ್ತೆ ಅವರು ಗೆಲ್ಲಲು 2013 ಬರಬೇಕಾಯಿತು. ನಡುವೆ ಸೋತಾಗಲೂ ಅವರು ಹಳ್ಳಿ ತಿರುಗುವುದನ್ನು ಬಿಡಲಿಲ್ಲ. 2023ರಲ್ಲಿ ಆ ಭಾಗದ ಮೇಲುಕೋಟೆ ನಮ್ಮ ಕೈಗೆ ಬಂದಿದ್ದರೆ ಅದಕ್ಕೆ ಆ ತಿರುಗಾಟವೇ ಕಾರಣ.

ಬೇರೆ ತಾಲ್ಲೂಕುಗಳಲ್ಲಿ ಆದದ್ದೇನು? ಕಬ್ಬಿನ ಬಾಕಿಗೆ, ನಾಲೆಯ ನೀರಿಗೆ, ರಾತ್ರಿ ಹೊತ್ತು ಕೊಡುವ ಕರೆಂಟಿನ ವಿರುದ್ಧ ನಮ್ಮ ಜೊತೆ ರಸ್ತೆಯಲ್ಲಿ ಕೂತವರು ಚುನಾವಣೆ ಬಂದೊಡನೆ ಜಾತಿಗೊಬ್ಬರು, ಪಕ್ಷಕ್ಕೊಬ್ಬರು ಎಂದು ಚದುರಿಹೋದರು. ಅವರನ್ನು ಬೈದು ಫಲವಿಲ್ಲ. ಐದು ವರ್ಷ ಮನವಿ ಪತ್ರ ಕೊಟ್ಟು, ನಾಮಪತ್ರ ಸಲ್ಲಿಸುವ ವಾರದಲ್ಲಿ ಅಭ್ಯರ್ಥಿ ಹುಡುಕುವ ಪಕ್ಷಕ್ಕೆ ಯಾವ ನಂಬಿಕೆಯ ಮೇಲೆ ವೋಟು ಹಾಕಿಯಾರು?

ಆದ್ದರಿಂದ ಕೆಳಗಿನಿಂದ ಶುರುಮಾಡೋಣ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಅವು ಅಧಿಕಾರಿಗಳ ಕೈಯಲ್ಲಿ ಉಳಿದವು. ಊರಿನ ಕುಡಿಯುವ ನೀರಿಗೆ, ರಸ್ತೆಗೆ, ಶಾಲೆಯ ಚಾವಣಿಗೆ ಉತ್ತರ ಕೊಡಬೇಕಾದ ಸದಸ್ಯನೇ ಇಲ್ಲದಂತಾಯಿತು. ಈ ಅನ್ಯಾಯವನ್ನು ಸಾಲಮನ್ನಾದಷ್ಟೇ ಗಟ್ಟಿಯಾಗಿ ನಾವು ಕೇಳಬೇಕಿತ್ತು. ಇನ್ನಾದರೂ ಕೇಳೋಣ. ಅವಧಿ ಮುಗಿಯುವ ಮುನ್ನವೇ ಹೊಸ ಚುನಾವಣೆ ನಡೆಯಲೇಬೇಕು. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆಯಿಲ್ಲ, ತಾಲ್ಲೂಕು ಮತ್ತು ಜಿಲ್ಲೆಯಲ್ಲಿ ಇದೆ. ಪಕ್ಷ ಬೆಳೆಯುವ ನೆಲ ಅದು.

ಅಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ನಮ್ಮ ಸಭೆಗಳಲ್ಲಿ ಅಕ್ಕಂದಿರು ಹಿಂದಿನ ಸಾಲಿನಲ್ಲಿ ಕೂರುತ್ತಾರೆ, ಅಡುಗೆ ಮಾಡುತ್ತಾರೆ, ಪೊಲೀಸರ ವ್ಯಾನೂ ಹತ್ತುತ್ತಾರೆ. ಮೈಕು ಮಾತ್ರ ಅವರ ಕೈಗೆ ಬರುವುದಿಲ್ಲ. ಇದು ಇಂದೇ ನಿಲ್ಲಬೇಕು. ಗಂಡ ಆಳುವ, ಹೆಂಡತಿ ಸಹಿ ಹಾಕುವ ಸದಸ್ಯತ್ವವೂ ನಮಗೆ ಬೇಡ. ದಲಿತ ಕೇರಿಯವರನ್ನು ಕೇಳದೆ ಯಾವ ಹೆಸರನ್ನೂ ತೀರ್ಮಾನಿಸಬೇಡಿ. 2005ರಲ್ಲಿ ರೈತ ಸಂಘದವರೂ ದಲಿತ ಚಳವಳಿಯ ಗೆಳೆಯರೂ ದೇವನೂರ ಮಹಾದೇವರೂ ಕೂಡಿ ಈ ಪಕ್ಷ ಕಟ್ಟಿದ್ದು ಆ ಕೂಡುಬಾಳಿಗಾಗಿಯೇ.

ಈ ವಾರವೇ ನಿಮ್ಮೂರ ಡೇರಿ ಮುಂದೆ, ಇಲ್ಲವೇ ಅರಳಿಕಟ್ಟೆಯ ಮೇಲೆ ಎಲ್ಲರೂ ಸೇರಿ ಕೂರಿ. ಹದಿನೆಂಟು ತುಂಬಿದ ಮಕ್ಕಳ ಹೆಸರು ಮತದಾರರ ಪಟ್ಟಿಯಲ್ಲಿದೆಯೇ ನೋಡಿ. ಚುನಾವಣೆಗೆ ನಿಲ್ಲಬಲ್ಲ ಒಬ್ಬ ಹೆಣ್ಣುಮಗಳು, ಒಬ್ಬ ಗಂಡುಮಗ, ಇಬ್ಬರ ಹೆಸರನ್ನು ಎಲ್ಲರೆದುರು ಒಪ್ಪಿ ಬರೆದಿಡಿ. ಖರ್ಚಿಗೆ ಗುತ್ತಿಗೆದಾರರ ಮನೆ ಬಾಗಿಲಿಗೆ ಹೋಗಬೇಡಿ. ಮನೆಗೆ ಹತ್ತು ರೂಪಾಯಿ ಎತ್ತಿ, ಕೊಟ್ಟವರ ಹೆಸರನ್ನು ಗೋಡೆಯ ಮೇಲೆ ಬರೆಯಿರಿ, ಖರ್ಚಾದ ಪೈಸೆಪೈಸೆಯನ್ನೂ ಅದರ ಪಕ್ಕದಲ್ಲೇ ಬರೆಯಿರಿ.

ಓದಿದ ಮೇಲೆ ಈ ಹಾಳೆಯನ್ನು ಪಕ್ಕದ ಮನೆಗೆ ಕೊಡಿ. ಓದು ಬಾರದವರಿಗೆ ಓದಿ ಹೇಳಿ.

ಇಂತಿ,
ಹಸಿರು ಶಾಲಿನ ನಿಮ್ಮ ಗೆಳೆಯರು