ಜಿಮ್ ಟ್ರೈನರ್ ಆಗುವ ಮುನ್ನ



“ಮಗಳು ಪಿಯುಸಿ ಮುಗಿಸಿದ್ದಾಳೆ. ಮಹಿಳೆಯರ ಜಿಮ್‌ನಲ್ಲಿ ಟ್ರೈನರ್ ಆಗಬೇಕೆಂಬ ಆಸೆ. ಯಾವ ಕೋರ್ಸ್ ಮಾಡಿಸಲಿ?” ಎಂದು ಓದುಗ ತಾಯಿಯೊಬ್ಬರು ಕೇಳಿದ್ದಾರೆ. “ಹೆಣ್ಣುಮಕ್ಕಳಿಗೆ ಇದೆಂಥ ಕೆಲಸ?” ಎನ್ನುವ ಹಿರಿಯರು ಮನೆಯಲ್ಲಿದ್ದರೆ ಅವರಿಗೆ ಒಂದು ಮಾತು ಹೇಳಿ. ಗಂಡಸರಿರುವ ಜಿಮ್‌ಗೆ ಹೋಗಲು ಮನಸ್ಸೊಪ್ಪದೆ ಮನೆಯಲ್ಲೇ ಮಂಡಿನೋವು, ಸಕ್ಕರೆ ಕಾಯಿಲೆ ಸಾಕಿಕೊಂಡಿರುವ ನಮ್ಮ ಉಮ್ಮಂದಿರಿಗೆ ಕಲಿಸಲು ಹೆಂಗಸರೇ ಬೇಕಲ್ಲವೇ?

ಆದರೆ ಎರಡು ದಿನದ ಶಿಬಿರ ಮುಗಿಸಿ, ಫೋಟೋ ತೆಗೆಸಿಕೊಂಡು, ಕೈಗೆ ಬಂದ ಕಾಗದಕ್ಕೆ ಚೌಕಟ್ಟು ಹಾಕಿಸಿದ ಮಾತ್ರಕ್ಕೆ ಯಾರೂ ಟ್ರೈನರ್ ಆಗುವುದಿಲ್ಲ. ಅವಳ ಮುಂದೆ ನಾಳೆ ಯಾರು ಬಂದು ನಿಲ್ಲುತ್ತಾರೆ ಯೋಚಿಸಿ. ಸಿಸೇರಿಯನ್ ಆಗಿ ಕೆಲವೇ ತಿಂಗಳಾದ ಬಾಣಂತಿ. ರಕ್ತದೊತ್ತಡದ ಗುಳಿಗೆ ನುಂಗುವ ಅತ್ತೆ. ಇನ್ಸುಲಿನ್ ತೆಗೆದುಕೊಳ್ಳುತ್ತಾ ರಂಝಾನ್‌ನಲ್ಲಿ ಉಪವಾಸವಿದ್ದು, ಅಸರ್ ಬಳಿಕ ವ್ಯಾಯಾಮಕ್ಕೆ ಬರುವ ಸಹೋದರಿ. ಈ ಮೂರನೆಯವಳಿಗೆ ಸಕ್ಕರೆ ಅಂಶ ಇಳಿದು ತಲೆಸುತ್ತಿದರೆ ಏನು ಮಾಡಬೇಕು? ಯಾರನ್ನು ಮೊದಲು ವೈದ್ಯರ ಬಳಿಗೆ ಕಳುಹಿಸಬೇಕು? ವೈದ್ಯ ತಿಳಿಯದೆ ಚಿಕಿತ್ಸೆ ಮಾಡಿದವನನ್ನೇ ಹಾನಿಗೆ ಹೊಣೆ ಮಾಡಿದ ಧರ್ಮ ನಮ್ಮದು. ಇನ್ನೊಬ್ಬರ ದೇಹ ನಮ್ಮ ಕೈಯಲ್ಲಿ ಅಮಾನತ್.

ಹಾಗಾಗಿ ಶುಲ್ಕ ಕೇಳುವ ಮೊದಲು ಪರೀಕ್ಷೆಯ ಬಗ್ಗೆ ಕೇಳಿ. ಅಮೆರಿಕದ ಏಸ್, ಎನ್‌ಎಎಸ್‌ಎಂ, ಎಸಿಎಸ್‌ಎಂ ಸಂಸ್ಥೆಗಳ ಹೆಸರು ನಮ್ಮ ಜಿಮ್‌ಗಳಲ್ಲೂ ಗಲ್ಫ್‌ನಲ್ಲೂ ಪರಿಚಿತ. ಅಲ್ಲಿ ಇಂಥ ಪರೀಕ್ಷೆಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ಎನ್‌ಸಿಸಿಎ ಎಂಬ ಪ್ರತ್ಯೇಕ ಮಂಡಳಿಯಿದೆ. ಮಾನ್ಯತೆ ಸಿಗುವುದು ಪರೀಕ್ಷೆಗೆ, ಸಂಸ್ಥೆಯ ಎಲ್ಲ ಕೋರ್ಸ್‌ಗಳಿಗಲ್ಲ. ಮೇಲ್ವಿಚಾರಕರಿರುವ ಪರೀಕ್ಷೆ ಒಂದು, ಮನೆಯಲ್ಲೇ ಪುಸ್ತಕ ನೋಡಿ ಬರೆಯುವುದು ಇನ್ನೊಂದು, ಹೀಗೆ ಒಂದೇ ಸಂಸ್ಥೆ ಎರಡನ್ನೂ ನಡೆಸುವುದುಂಟು. ನೀವು ಹಣ ಕಟ್ಟುತ್ತಿರುವುದು ಯಾವುದಕ್ಕೆ ಎಂದು ಬರಹದಲ್ಲಿ ಪಡೆಯಿರಿ.

ಏಸ್‌ನ ಪರೀಕ್ಷೆಯಲ್ಲಿ 3 ಗಂಟೆಯಲ್ಲಿ 150 ಪ್ರಶ್ನೆಗಳಿಗೆ ಉತ್ತರಿಸಬೇಕು. ಕನ್ನಡದಲ್ಲಿ ಬರೆಯಲಾಗದು. ಇಂಗ್ಲಿಷ್ ಕಷ್ಟವೆಂದರೆ ಆರು ತಿಂಗಳು ಕುಳಿತು ಓದಲಿ, ಅವಸರವೇನಿಲ್ಲ. 18 ವರ್ಷ ತುಂಬಿರಲೇಬೇಕು. ಏಸ್ ಮತ್ತು ಎನ್‌ಎಎಸ್‌ಎಂ ಪ್ರಮಾಣಪತ್ರವನ್ನು 2 ವರ್ಷಕ್ಕೊಮ್ಮೆ, ಎಸಿಎಸ್‌ಎಂನದನ್ನು 3 ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೂ ಖರ್ಚುಂಟು. ಇದನ್ನು ಏಜೆಂಟರು ಮೊದಲೇ ಹೇಳುವುದು ಕಡಿಮೆ. “ಜೀವಮಾನವಿಡೀ ಮಾನ್ಯ” ಎನ್ನುವ ಸರ್ಟಿಫಿಕೇಟ್ ಕಂಡರೆ ನನಗಂತೂ ಅನುಮಾನವೇ.

ಅಷ್ಟು ಹಣವಿಲ್ಲದವರು ನಿರಾಶರಾಗಬೇಡಿ. ನಮ್ಮ ದೇಶದ ಕೌಶಲ ವ್ಯವಸ್ಥೆಯಲ್ಲೂ ಕ್ರೀಡೆ, ಫಿಟ್‌ನೆಸ್‌ಗೆಂದೇ ಒಂದು ಕೌಶಲ ಮಂಡಳಿಯಿದ್ದು, ಫಿಟ್‌ನೆಸ್ ಟ್ರೈನರ್ ತರಬೇತಿಗೆ ಅದು ಮಟ್ಟ ಗೊತ್ತುಪಡಿಸಿದೆ. ಊರಲ್ಲೇ ದುಡಿಯುವವಳಿಗೆ ಅದರಿಂದ ಆರಂಭಿಸುವುದು ತಪ್ಪಲ್ಲ. ಗಲ್ಫ್‌ನಲ್ಲಿ ಪತಿಯೊಂದಿಗಿದ್ದು ಕೆಲಸ ಮಾಡುವ ಯೋಚನೆಯಿದ್ದರೆ ಅಲ್ಲಿ ಯಾವುದನ್ನು ಒಪ್ಪುತ್ತಾರೆಂದು ಮೊದಲೇ ವಿಚಾರಿಸಿ.

ಯಾವುದನ್ನೇ ಆರಿಸಿದರೂ ಸಿಪಿಆರ್ ಮಾತ್ರ ಬಿಡಬೇಡಿ. ನಿಂತ ಹೃದಯಕ್ಕೆ ಎದೆ ಒತ್ತಿ ಜೀವ ಉಳಿಸುವ ಆ ವಿದ್ಯೆಯನ್ನು ವಿಡಿಯೋ ನೋಡಿ ಕಲಿತರೆ ಸಾಲದು, ಗೊಂಬೆಯ ಮೇಲೆ ಕೈಯಾರೆ ಒತ್ತಿ ಕಲಿಯಬೇಕು.

ಹಣ ಕಟ್ಟುವ ಮೊದಲು ಮಗಳನ್ನು ಕರೆದುಕೊಂಡು ನಿಮ್ಮೂರಿನ ಮಹಿಳೆಯರ ಜಿಮ್‌ಗೆ ಹೋಗಿ. “ಯಾವ ಸರ್ಟಿಫಿಕೇಟ್ ಇದ್ದರೆ ಕೆಲಸ ಕೊಡುತ್ತೀರಿ, ಸಂಬಳವೆಷ್ಟು, ಮಗ್ರಿಬ್ ಹೊತ್ತಿಗೆ ಮನೆ ಸೇರಬಹುದೇ?” ಎಂದು ಅವಳೇ ಕೇಳಲಿ.