ಮೊದಲ ಹೆಸರಿಗೇ ಮಣೆ

ವ್ಯಾಕರಣದಲ್ಲಿ ‘ಅಥವಾ’ ಎಂಬುದು ಪಕ್ಷಪಾತವಿಲ್ಲದ ಅವ್ಯಯ. ತನ್ನ ಎಡಬಲಗಳಲ್ಲಿರುವ ಪದಗಳಲ್ಲಿ ಯಾವುದನ್ನೂ ಅದು ಮೇಲೆಂದು ಸಾರುವುದಿಲ್ಲ. ಗಣಕವನ್ನು ಹೊಕ್ಕ ‘ಅಥವಾ’ದ ಸ್ವಭಾವ ಬೇರೆ. ಅಲ್ಲಿ ಮೊದಲು ಬರೆದ ಹೆಸರಿಗೇ ಮಣೆ. ಎರಡನೆಯದು ಬಾಗಿಲಲ್ಲಿ ಕಾಯಬೇಕು. ಇದು ತಂತ್ರಜ್ಞರಿಗೆ ಮಾತ್ರ ಸೇರಿದ ಸಂಗತಿಯೆಂದು ಭಾಷಾ ವಿದ್ಯಾರ್ಥಿಗಳು ಕಡೆಗಣಿಸುವಂತಿಲ್ಲ.

ಯಾವ ತಂತ್ರಾಂಶವೂ ಒಂಟಿಯಾಗಿ ಬಾಳುವುದಿಲ್ಲ. ಲಿನಕ್ಸ್ ಗಣಕದಲ್ಲಿ ಒಂದು ತಂತ್ರಾಂಶವನ್ನು ಬೇಡಿದಾಗ, ಅದು ಆತುಕೊಂಡಿರುವ ಇತರ ತಂತ್ರಾಂಶಗಳನ್ನೂ ಹುಡುಕಿ ತಂದು ಜೋಡಿಸುವ ಹೊಣೆ ಪ್ಯಾಕೇಜ್ ಮ್ಯಾನೇಜರಿನದು. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ವ್ಯವಸ್ಥೆಯಲ್ಲಿ ಈ ಕೆಲಸವನ್ನು ‘ಆಪ್ಟ್’ ನಿರ್ವಹಿಸುತ್ತದೆ. ಅಲ್ಲಿ ಪ್ಯಾಕೇಜಿನೊಡನೆ ಅದರ ಅವಲಂಬನೆಗಳ ಪಟ್ಟಿಯೂ ಇರುತ್ತದೆ. ಒಂದೇ ಕೆಲಸವನ್ನು ಎರಡು ತಂತ್ರಾಂಶಗಳು ಮಾಡಬಲ್ಲವಾದರೆ ಅವುಗಳ ಹೆಸರುಗಳ ನಡುವೆ ಒಂದು ನೆಟ್ಟಗೆರೆಯನ್ನು ಎಳೆಯುತ್ತಾರೆ. ಆ ಗೆರೆಯೇ ಯಂತ್ರದ ‘ಅಥವಾ’. ಇ-ಅಂಚೆಯನ್ನು ಸಾಗಿಸಲು ಎಕ್ಸಿಮ್ ಆದೀತು, ಪೋಸ್ಟ್‌ಫಿಕ್ಸ್ ಆದೀತು. ಇವುಗಳಲ್ಲಿ ಒಂದು ಮೊದಲೇ ಗಣಕದಲ್ಲಿದ್ದರೆ ಆಪ್ಟ್ ಅದರಲ್ಲೇ ತೃಪ್ತಿಪಡುತ್ತದೆ. ಎರಡೂ ಇಲ್ಲವೆಂದಾದರೆ, ಬೇರೆ ಅಡ್ಡಿಯಿಲ್ಲದ ಪಕ್ಷದಲ್ಲಿ, ಪಟ್ಟಿಯಲ್ಲಿ ಮೊದಲಿರುವುದನ್ನೇ ತರುತ್ತದೆ. ಬಳಕೆದಾರನಿಗೆ ಅಲ್ಲೊಂದು ಆಯ್ಕೆ ನಡೆಯಿತೆಂಬುದೂ ಅನೇಕ ವೇಳೆ ತಿಳಿಯುವುದಿಲ್ಲ.

ಹಾಗಾದರೆ ಪ್ರತಿ ಸಲವೂ ಬಳಕೆದಾರನನ್ನೇ ಕೇಳಬಾರದೇಕೆ ಎಂಬ ವಾದವುಂಟು. ಆರ್ಚ್ ಲಿನಕ್ಸಿನ ‘ಪ್ಯಾಕ್‌ಮನ್’ ಹಾಗೆಯೇ ಕೇಳುತ್ತದೆ. ಪರ್ಯಾಯಗಳಿಗೆ ಅಂಕೆ ಕೊಟ್ಟು ಮುಂದಿಡುತ್ತದೆ. ಆದರೆ ಉತ್ತರಿಸದೆ ಬರಿದೇ ಎಂಟರ್ ಒತ್ತಿದವನಿಗೆ ಅಲ್ಲಿಯೂ ದೊರೆಯುವುದು 1ನೆಯದೇ. ಬಗೆ ತಿಳಿಯದವನ ಮುಂದೆ ಹತ್ತು ಪ್ರಶ್ನೆಗಳನ್ನು ಒಡ್ಡುವುದು ಸ್ವಾತಂತ್ರ್ಯವಲ್ಲ, ಹೊರೆ.

ಲೆಕ್ಕಾಚಾರಕ್ಕೇ ಬಿಟ್ಟರಾಯಿತು ಎಂಬುದು ಇನ್ನೊಂದು ವಾದ. ಪರಸ್ಪರ ವಿರೋಧಗಳೂ ಪರ್ಯಾಯಗಳೂ ಬೆರೆತ ಪಟ್ಟಿಯಿಂದ ಕೂಡಿಬಾಳಬಲ್ಲ ಗುಂಪನ್ನು ಆರಿಸುವುದು ಗಣಕಶಾಸ್ತ್ರದ ಅತಿ ಕಠಿಣ ಸಮಸ್ಯೆಗಳ ವರ್ಗಕ್ಕೆ ಸೇರಿದ್ದು. ಓಪನ್‌ಸೂಸೆಯ ‘ಜಿಪ್ಪರ್’, ಫೆಡೋರಾದ ‘ಡಿಎನ್‌ಎಫ್’ ಇದಕ್ಕೆಂದೇ ತರ್ಕಸೂತ್ರಗಳನ್ನು ಬಿಡಿಸುವ ವಿಧಾನವನ್ನು ಆಶ್ರಯಿಸಿವೆ. ತರ್ಕವು ಯಾವ ಗುಂಪು ಸಾಧ್ಯ, ಯಾವುದು ಅಸಾಧ್ಯ ಎಂಬುದನ್ನು ಹೇಳಬಲ್ಲುದು. ಸಾಧ್ಯವಾದ ನಾಲ್ಕರಲ್ಲಿ ಯಾವುದು ಲೇಸು ಎಂಬುದನ್ನು ಅದು ಹೇಳಲಾರದು. ಅದನ್ನು ಹೇಳುವುದು ಯಾರೋ ಮನುಷ್ಯರು ಮುಂಚೆಯೇ ಬರೆದಿಟ್ಟ ಆದ್ಯತೆ.

ಆದ್ಯತೆ ಅನಿವಾರ್ಯವೆಂದ ಮೇಲೆ ಅದು ನ್ಯಾಯವಾಗಿರಬೇಕು. ಈ ವಿಷಯದಲ್ಲಿ ಡೆಬಿಯನ್ ಕಂಡುಕೊಂಡ ದಾರಿ ಗಮನಾರ್ಹವಾದುದು. ಅಂಚೆ ಸಾಗಿಸುವವರ ಸಾಲಿನಲ್ಲಿ ಪ್ಯಾಕೇಜುಗಳು ಮೊದಲು ಎಕ್ಸಿಮ್ ಎಂದೇ ಬರೆದುಕೊಳ್ಳುತ್ತಿದ್ದವು. ಆ ಮೊದಲ ಸ್ಥಾನವನ್ನು ಬದಲಿಸಬೇಕಾದರೆ ಅಂತಹ ಎಲ್ಲ ಪ್ಯಾಕೇಜುಗಳನ್ನೂ ತಿದ್ದಬೇಕಾಗುತ್ತಿತ್ತು. ಆಮೇಲೆ ‘ಡೀಫಾಲ್ಟ್-ಎಂಟಿಎ’ ಎಂಬ ನಡುವಣ ಹೆಸರೊಂದನ್ನು ಏರ್ಪಡಿಸಿ, ಅದು ಯಾವ ತಂತ್ರಾಂಶವನ್ನು ಸೂಚಿಸಬೇಕೆಂಬ ತೀರ್ಮಾನವನ್ನು ಒಂದೇ ಕಡೆ ನಿಲ್ಲಿಸಿದರು. ತೀರ್ಮಾನ ಎಲ್ಲಿದೆಯೆಂದು ಎಲ್ಲರಿಗೂ ಗೊತ್ತು. ಆದ್ದರಿಂದ ಅದನ್ನು ಪ್ರಶ್ನಿಸಬಹುದು, ಬದಲಿಸಲೂಬಹುದು. ಮೊದಲೇ ನೆಲೆಸಿದ ಪೋಸ್ಟ್‌ಫಿಕ್ಸನ್ನು ಅದು ಎಬ್ಬಿಸುವುದೂ ಇಲ್ಲ. ಆದ್ಯತೆಯ ತಾಣ ಬಯಲಿನಲ್ಲಿರಬೇಕು, ಮನೆಯಲ್ಲಿರುವವರಿಗೆ ಗೌರವ ಸಲ್ಲಬೇಕು, ಬೇರೆಯದನ್ನು ಬಯಸುವವರಿಗೆ ದಾರಿ ತೆರೆದಿರಬೇಕು: ಈ ಮೂರು ಇದ್ದರೆ ಮೊದಲ ಹೆಸರು ಸೌಕರ್ಯ; ಇಲ್ಲದಿದ್ದರೆ ಅದೇ ದಬ್ಬಾಳಿಕೆ.

ಎರಡನೆಯ ಹೆಸರಿಗೆ ಒದಗುವ ಅಪಾಯ ಮೆಲ್ಲನೆ ಬರುವಂಥದು. ಯಾರೂ ಅದನ್ನು ಅಳಿಸುವುದಿಲ್ಲ. ಆದರೆ ತಾನಾಗಿ ಯಾರ ಗಣಕಕ್ಕೂ ಹೋಗದ ತಂತ್ರಾಂಶವನ್ನು ಬಳಸುವವರು ಕಡಿಮೆ. ಬಳಸುವವರು ಕಡಿಮೆಯಾದಲ್ಲಿ ಅದರ ದೋಷಗಳನ್ನು ತೋರಿಸುವವರೂ ತಿದ್ದುವವರೂ ಕಡಿಮೆ. ಕಡೆಗೆ ಅದು ಪಟ್ಟಿಯಲ್ಲಿದ್ದೂ ಇಲ್ಲದಂತಾಗುತ್ತದೆ. ಗಡಿನಾಡಿನ ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕೇರಳದ ಸರ್ಕಾರಿ ಶಾಲೆಗಳು ಬಹುಕಾಲದಿಂದ ಸ್ವತಂತ್ರ ತಂತ್ರಾಂಶವನ್ನೇ ನೆಚ್ಚಿಕೊಂಡಿವೆ. ಅಲ್ಲಿ ಬಳಕೆಯಲ್ಲಿರುವ ಕೈಟ್ ಗ್ನು/ಲಿನಕ್ಸ್ ನಿಂತಿರುವುದು ಉಬುಂಟುವಿನ ಮೇಲೆ, ಉಬುಂಟು ನಿಂತಿರುವುದು ಡೆಬಿಯನ್ನಿನ ಮೇಲೆ. ಹೀಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಈ ನೆಟ್ಟಗೆರೆ ಕೈಯಳತೆಯಲ್ಲೇ ಇದೆ. ‘ಆಪ್ಟ್ ಶೋ’ ಎಂದು ಟೈಪಿಸಿ ಪ್ಯಾಕೇಜಿನ ಹೆಸರನ್ನು ಬರೆದರೆ ಅವಲಂಬನೆಯ ಸಾಲು ತೆರೆಯ ಮೇಲೆ ಮೂಡುತ್ತದೆ. ತಂತ್ರಾಂಶವನ್ನು ಬಳಸಲು ಕಲಿಸುವ ತರಗತಿಗಳು ಆ ಸಾಲನ್ನು ಓದುವುದನ್ನೂ ಕಲಿಸಬೇಕು. ಪಠ್ಯದಲ್ಲಿ ಪದಗಳ ಕ್ರಮ ಏನನ್ನು ಹೇಳುತ್ತದೆಂದು ವಿಚಾರಿಸುವುದು ಕನ್ನಡ ವಿಭಾಗದ ನಿತ್ಯದ ಕಸುಬು. ಅದೇ ವಿಚಾರಣೆ ಈ ಪಠ್ಯಕ್ಕೂ ಸಲ್ಲಬೇಕು: ಮೊದಲ ಹೆಸರನ್ನು ಬರೆದವರು ಯಾರು, ಏಕೆ ಬರೆದರು, ಎರಡನೆಯದನ್ನು ಆರಿಸುವ ಬಗೆ ಯಾವುದು?