ಲಾಭ ಪುಸ್ತಕದಲ್ಲಿ, ದುಡ್ಡು ಗಿರಾಕಿಯ ಕೈಯಲ್ಲಿ: ಸಣ್ಣ ಸಪ್ಲೈ ವ್ಯಾಪಾರದ ನಿಜವಾದ ಲೆಕ್ಕ

ಹತ್ತು ವರ್ಷ ಒಂದೇ ಕಂಪನಿಯ ಸ್ಟೋರ್‌ನಲ್ಲಿ ದುಡಿದವನಿಗೆ ಒಂದಲ್ಲ ಒಂದು ದಿನ ಈ ಯೋಚನೆ ಬಂದೇ ಬರುತ್ತದೆ. ಗ್ಲೌಸ್, ಸೇಫ್ಟಿ ಶೂ, ಗಾರ್ಬೇಜ್ ಬ್ಯಾಗ್, ಟಿಶ್ಯೂ ದೇರಾದಲ್ಲಿ ಎಷ್ಟಕ್ಕೆ ಸಿಗುತ್ತದೆ, ಶಾರ್ಜಾ ಇಂಡಸ್ಟ್ರಿಯಲ್ ಏರಿಯಾದಲ್ಲಿ ಎಷ್ಟು, ಕಂಪನಿ ಸಪ್ಲೈಯರ್‌ಗೆ ಎಷ್ಟು ಕೊಡುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಬಿಲ್ಲಿಗೆ ಸೀಲ್ ಹಾಕುವವನೂ ಅವನೇ. ಹಾಗಿರುವಾಗ ಮಧ್ಯದಲ್ಲಿರುವ ಆ ಸಪ್ಲೈಯರ್ ತಾನೇ ಯಾಕಾಗಬಾರದು ಅಂತ ಅನಿಸುವುದು ಸಹಜ.

ಯುಎಇಯಲ್ಲಿ ಈ ಆಸೆಗೆ ಈಗ ಬಾಗಿಲೂ ತೆರೆದಿದೆ. ಹಿಂದೆ ಮೇನ್‌ಲ್ಯಾಂಡ್ ಕಂಪನಿ ಮಾಡಬೇಕಾದರೆ ಶೇ. 51 ಪಾಲು ಯುಎಇ ಪ್ರಜೆಯಾದ ಪಾಲುದಾರನ ಹೆಸರಲ್ಲಿ ಇರಬೇಕಿತ್ತು. 2021ರ ಜೂನ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ ಹೆಚ್ಚಿನ ವ್ಯಾಪಾರಗಳಲ್ಲಿ ಆ ಕಡ್ಡಾಯ ಇಲ್ಲ, ಪೂರ್ತಿ ಪಾಲು ವಿದೇಶಿಯ ಹೆಸರಲ್ಲೇ ಇರಬಹುದು. ಲೈಸನ್ಸ್ ಸಿಗುವುದು ಸುಲಭವಾಯಿತು ಅಂತ ಎಲ್ಲರೂ ಮಾತಾಡುತ್ತಾರೆ. ಬದಲಾಗದೆ ಉಳಿದದ್ದು ಉದ್ರಿ ಪದ್ಧತಿ. ಇಲ್ಲಿ ಸಣ್ಣ ಸಪ್ಲೈ ವ್ಯಾಪಾರ ಮುಳುಗುವುದು ಸಾಮಾನ್ಯವಾಗಿ ನಷ್ಟದಿಂದ ಅಲ್ಲ. ಪುಸ್ತಕದಲ್ಲಿ ಲಾಭ ಇರುವಾಗಲೇ ಅದು ಮುಳುಗುತ್ತದೆ.

ಲೆಕ್ಕಕ್ಕಾಗಿ ಒಂದು ಉದಾಹರಣೆ. ತಿಂಗಳ ಮಾರಾಟ 40,000 ದಿರ್ಹಂ. ಮಾಲಿನ ಖರೀದಿ ವ್ಯಾಟ್ ಸೇರಿ 32,000. ವ್ಯಾನ್, ಪೆಟ್ರೋಲ್, ಒಬ್ಬ ಹುಡುಗನ ಸಂಬಳ, ಲೈಸನ್ಸ್ ಮತ್ತು ವೀಸಾದ ತಿಂಗಳ ಪಾಲು ಎಲ್ಲ ಸೇರಿ 5,000 ಅಂತಿಟ್ಟರೆ ಉಳಿಯುವುದು 3,000. ಕೆಟ್ಟದ್ದೇನಲ್ಲ. ಆದರೆ ಗಿರಾಕಿ ಒಬ್ಬ ಕಾಂಟ್ರಾಕ್ಟರ್, ಅವನು ಕೊಡುವುದು 90 ದಿನದ ಚೆಕ್. ಹೊಸಬನಿಗೆ ಮಾಲು ಕೊಡುವ ಹೋಲ್‌ಸೇಲ್ ಅಂಗಡಿಯವನು ಮಾತ್ರ ನಗದೇ ಕೇಳುತ್ತಾನೆ. ಅಂದರೆ ಮೊದಲ ಚೆಕ್ ಪಾಸಾಗುವ ಮೊದಲು ಮೂರು ತಿಂಗಳ ಖರೀದಿ 96,000, ಖರ್ಚು 15,000, ಒಟ್ಟು 1,11,000 ದಿರ್ಹಂ ಕೈಯಿಂದ ಹೋಗಿರುತ್ತದೆ. ಪುಸ್ತಕ ನೋಡಿದರೆ 9,000 ಲಾಭ. ಪರ್ಸಿನಲ್ಲಿ ಸಾಲಿಕ್‌ಗೂ ದುಡ್ಡಿಲ್ಲ.

ಈ ದುಡ್ಡು ಎಲ್ಲಿಂದ ಬರಬೇಕು? ಹೆಚ್ಚಿನವರು ನಂಬುವುದು ಗ್ರಾಚ್ಯುಟಿಯನ್ನು. ಬೇಸಿಕ್ ಸಂಬಳ 3,000 ಇದ್ದು ಹತ್ತು ವರ್ಷ ದುಡಿದವನ ಲೆಕ್ಕ ಹೀಗಿದೆ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದಂತೆ 10,500, ನಂತರದ ಐದು ವರ್ಷಕ್ಕೆ 30 ದಿನದಂತೆ 15,000, ಒಟ್ಟು 25,500. ಹತ್ತು ವರ್ಷದ ಬೆವರು ಈ ವ್ಯಾಪಾರದ ಒಂದು ತಿಂಗಳಿಗೂ ಸಾಲುವುದಿಲ್ಲ. ಉಳಿದದ್ದಕ್ಕೆ ಊರಿನ ಸೊಸೈಟಿಯಲ್ಲಿ ಹೆಂಡತಿಯ ಚಿನ್ನ ಅಡವು ಬೀಳುತ್ತದೆ. ಊರಿಂದ ಗಲ್ಫಿಗೆ ದುಡ್ಡು ಬರಲು ಶುರುವಾಯಿತು ಅಂದರೆ ವ್ಯವಹಾರ ಎಲ್ಲೋ ತಪ್ಪಿದೆ ಅಂತಲೇ ಅರ್ಥ, ಆದರೆ ಆಗ ಅದನ್ನು ಹೇಳುವ ಧೈರ್ಯ ಯಾರಿಗೂ ಇರುವುದಿಲ್ಲ.

ಇನ್ನೂ ವಿಚಿತ್ರ ಎಂದರೆ, ವ್ಯಾಪಾರ ಬೆಳೆದಷ್ಟೂ ಕಷ್ಟ ಜಾಸ್ತಿ. ಅದೇ ಕಾಂಟ್ರಾಕ್ಟರ್ ಖುಷಿಯಾಗಿ ಆರ್ಡರ್ ಡಬಲ್ ಮಾಡಿದ ಅಂತಿಟ್ಟುಕೊಳ್ಳಿ. ಮನೆಯಲ್ಲಿ ಪಾಯಸ ಮಾಡುತ್ತಾರೆ. ಆದರೆ ಈಗ ಸಿಕ್ಕಿಬೀಳುವ ಬಂಡವಾಳವೂ ಹತ್ತಿರಹತ್ತಿರ ಡಬಲ್.

ಚೆಕ್ ಇದೆಯಲ್ಲ, ಭಯವೇನು ಅಂತ ಹಳಬರು ಕೇಳುತ್ತಾರೆ. ಅವರ ಕಾಲದಲ್ಲಿ ಚೆಕ್ ಬೌನ್ಸ್ ಅಂದರೆ ಪೊಲೀಸ್ ಕೇಸು, ಜೈಲು. 2022ರ ಜನವರಿ 2ರಿಂದ ಅದು ಬದಲಾಗಿದೆ. ಖಾತೆಯಲ್ಲಿ ದುಡ್ಡಿಲ್ಲದೆ ಬೌನ್ಸ್ ಆದ ಮಾತ್ರಕ್ಕೆ ಸಾಮಾನ್ಯವಾಗಿ ಕ್ರಿಮಿನಲ್ ಕೇಸು ಆಗುವುದಿಲ್ಲ. ಬೇಕೆಂದೇ ಖಾತೆ ಮುಚ್ಚಿದರೆ, ಪಾಸಾಗದ ಹಾಗೆ ಸಹಿ ತಪ್ಪಿಸಿದರೆ, ಕಾರಣವಿಲ್ಲದೆ ಪೇಮೆಂಟ್ ನಿಲ್ಲಿಸಿದರೆ ಮಾತ್ರ ಅದು ಈಗಲೂ ಅಪರಾಧ. ಬದಲಿಗೆ ಎರಡು ಅನುಕೂಲ ಸಿಕ್ಕಿವೆ. ಖಾತೆಯಲ್ಲಿ ಇರುವಷ್ಟು ದುಡ್ಡನ್ನು ಬ್ಯಾಂಕ್ ಭಾಗಶಃ ಕೊಡಬೇಕು, ಮತ್ತು ಬೌನ್ಸ್ ಆದ ಚೆಕ್ ಹಿಡಿದು ನೇರವಾಗಿ ಕೋರ್ಟಿನ ವಸೂಲಿ ವಿಭಾಗಕ್ಕೆ ಹೋಗಬಹುದು. ಅಮಾಯಕರು ಜೈಲಿಗೆ ಹೋಗುವುದು ತಪ್ಪಿತು, ಅದು ಒಳ್ಳೆಯದೇ. ಆದರೆ ಗಿರಾಕಿ ಬಾಗಿಲು ಹಾಕಿಕೊಂಡು ಹೋಗಿದ್ದರೆ ವಸೂಲಿ ಆದೇಶ ಕೈಯಲ್ಲಿದ್ದೂ ವಸೂಲಾಗುವುದು ಏನೂ ಇರುವುದಿಲ್ಲ. ಹೋಲ್‌ಸೇಲ್‌ನವನಿಗೆ ತಾನೇ ಕೊಟ್ಟ ಚೆಕ್‌ಗೂ ಇದೇ ದಾರಿ ಅನ್ವಯಿಸುತ್ತದೆ. ಅದು ಖಾತೆ ಜಪ್ತಿ, ಪ್ರಯಾಣ ನಿಷೇಧದವರೆಗೂ ಹೋಗಬಹುದು.

ಇದರ ಮೇಲೆ ತೆರಿಗೆ. ಹನ್ನೆರಡು ತಿಂಗಳ ಮಾರಾಟ 3,75,000 ದಿರ್ಹಂ ದಾಟಿದರೆ ವ್ಯಾಟ್ ನೋಂದಣಿ ಕಡ್ಡಾಯ. ಮೇಲಿನ ಉದಾಹರಣೆಯಲ್ಲಿ ಹತ್ತನೇ ತಿಂಗಳಲ್ಲೇ ಅದು ದಾಟುತ್ತದೆ. ಆಮೇಲೆ ಬಿಲ್ ಬರೆದ ದಿನವೇ ಶೇ. 5 ತೆರಿಗೆಯ ಬಾಕಿ ಹುಟ್ಟುತ್ತದೆ, ಗಿರಾಕಿ ದುಡ್ಡು ಕೊಟ್ಟನೋ ಇಲ್ಲವೋ ಇಲಾಖೆಗೆ ಬೇಡ. ತ್ರೈಮಾಸಿಕ ಮುಗಿದ ಮರುತಿಂಗಳ 28ರೊಳಗೆ ಕಟ್ಟಬೇಕು. ಗಿರಾಕಿ ಕೊಡದ ತೆರಿಗೆಯನ್ನು ಸ್ವಂತ ಜೇಬಿನಿಂದ ಕಟ್ಟುವುದು ಎಂದರೆ ಇದೇ. ಆರು ತಿಂಗಳು ದಾಟಿದ ಬಾಕಿಯನ್ನು ಪುಸ್ತಕದಲ್ಲಿ ರೈಟ್ ಆಫ್ ಮಾಡಿ, ಗಿರಾಕಿಗೆ ಲಿಖಿತವಾಗಿ ತಿಳಿಸಿದರೆ ಆ ವ್ಯಾಟ್ ಹಿಂದಕ್ಕೆ ಹೊಂದಿಸಿಕೊಳ್ಳುವ ಅವಕಾಶ ಇದೆ. ಸಣ್ಣ ವ್ಯಾಪಾರಿಗಳು ಇದನ್ನು ಬಳಸುವುದು ಕಡಿಮೆ, ಯಾಕೆಂದರೆ ಗಿರಾಕಿ ಮುನಿಸಿಕೊಂಡಾನು ಎಂಬ ಹೆದರಿಕೆ.

ಕಾರ್ಪೊರೇಟ್ ತೆರಿಗೆಯದ್ದು ಬೇರೆ ಕತೆ. ಲಾಭ 3,75,000 ದಾಟದಿದ್ದರೆ ತೆರಿಗೆ ಸೊನ್ನೆ. ಆದರೆ ಎಲ್‌ಎಲ್‌ಸಿ ಆಗಿದ್ದರೆ ಒಂದು ದಿರ್ಹಂ ಲಾಭ ಇಲ್ಲದಿದ್ದರೂ ನೋಂದಣಿ ಮಾಡಲೇಬೇಕು, ತಡವಾದರೆ 10,000 ದಿರ್ಹಂ ದಂಡ. ಮೂರು ತಿಂಗಳ ಲಾಭಕ್ಕಿಂತ ಇದು ಜಾಸ್ತಿ. ಒಬ್ಬನೇ ನಡೆಸುವ ಸೋಲ್ ಎಸ್ಟಾಬ್ಲಿಷ್‌ಮೆಂಟ್ ಆದರೆ ವರ್ಷದ ವ್ಯಾಪಾರ 10 ಲಕ್ಷ ದಿರ್ಹಂ ದಾಟಿದ ಮೇಲಷ್ಟೇ ಈ ತೆರಿಗೆಯ ವ್ಯಾಪ್ತಿ. ಟೈಪಿಂಗ್ ಸೆಂಟರ್‌ನವರು ಲೈಸನ್ಸ್ ಮಾಡಿಸುವಾಗ ಈ ವ್ಯತ್ಯಾಸ ಹೇಳುತ್ತಾರೆ ಅಂತ ನಂಬಿ ಕೂರಬಾರದು.

ಇದೆಲ್ಲ ತಲೆನೋವು ಬೇಡ ಅಂತ ಸ್ನೇಹಿತನ ಲೈಸನ್ಸ್‌ನಲ್ಲೇ ವ್ಯಾಪಾರ ಮಾಡುವವರು ಇದ್ದಾರೆ. ಆಗ ಬ್ಯಾಂಕ್ ಖಾತೆ ಅವನದ್ದು, ಚೆಕ್ ಬರುವುದು ಅವನ ಹೆಸರಿಗೆ, ಜಗಳವಾದ ದಿನ ತೋರಿಸಲು ಒಂದು ಕಾಗದವೂ ಇಲ್ಲ. ಸೌದಿಯಲ್ಲಂತೂ ಹೀಗೆ ಬೇರೆಯವರ ಹೆಸರಲ್ಲಿ ವ್ಯಾಪಾರ ಮಾಡುವುದು 'ತಸತ್ತುರ್' ಅಪರಾಧ. ಐದು ವರ್ಷದವರೆಗೆ ಜೈಲು, 50 ಲಕ್ಷ ರಿಯಾಲ್‌ವರೆಗೆ ದಂಡ.

ಹಾಗಾದರೆ ಮಾಡಲೇಬಾರದೇ? ಲೆಕ್ಕವನ್ನು ಬೇರೆ ರೀತಿ ಹಾಕಿದರೆ ದಾರಿ ಕಾಣುತ್ತದೆ. ಗಿರಾಕಿ ದೊಡ್ಡ ಕಾಂಟ್ರಾಕ್ಟರ್ ಅಲ್ಲ, ಕಫ್ಟೇರಿಯಾ, ಸಲೂನ್, ಲಾಂಡ್ರಿ, ಗ್ರೋಸರಿ. ವಾರಕ್ಕೊಮ್ಮೆ ಪೇಪರ್ ಕಪ್, ಟಿಶ್ಯೂ, ಗಾರ್ಬೇಜ್ ಬ್ಯಾಗ್ ಇಳಿಸಿ ದುಡ್ಡು ಅಲ್ಲೇ ಎಣಿಸಿಕೊಳ್ಳುವುದು. ದರ ಸ್ವಲ್ಪ ಇಳಿಸಬೇಕು. ಅದೇ 40,000 ಮಾರಾಟಕ್ಕೆ ಮಾಲಿನ ಖರೀದಿ 34,000 ಆಗುತ್ತದೆ, ಖರ್ಚು ಕಳೆದು ಉಳಿಯುವುದು 1,000 ಮಾತ್ರ. ಆದರೆ ಮಾಲು ವಾರಕ್ಕೊಮ್ಮೆ ತಿರುಗುವುದರಿಂದ ಒಮ್ಮೆಗೆ ಬೇಕಾದ್ದು 8,500 ದಿರ್ಹಂನ ಸರಕು. ಖರ್ಚಿನ 5,000 ಸೇರಿಸಿದರೂ 13,500. 1,11,000 ಎಲ್ಲಿ, ಇದೆಲ್ಲಿ! ಲೈಸನ್ಸ್ ಮತ್ತು ವ್ಯಾನಿನ ಮುಂಗಡ ಬೇರೆ ಬೇಕು, ಆದರೂ ಗ್ರಾಚ್ಯುಟಿಯ ದುಡ್ಡಿನಲ್ಲಿ ಯೋಚಿಸಬಹುದಾದ ವ್ಯಾಪಾರ ಇದು.

ಸಾವಿರ ದಿರ್ಹಂನಲ್ಲಿ ಯಾರೂ ಬದುಕಲಾರರು ಎಂಬುದೂ ನಿಜ. ಹಾಗಾಗಿ ಮೊದಲ ವರ್ಷ ಮನೆ ಖರ್ಚು ಬೇರೆ ಕಡೆಯಿಂದ ನಡೆಯಬೇಕು. ಹೆಂಡತಿಗೆ ಕೆಲಸ ಇದೆಯೇ, ಮಕ್ಕಳ ಫೀಸ್ ಕಟ್ಟಲು ಉಳಿತಾಯ ಇದೆಯೇ, ಕುಟುಂಬವನ್ನು ಊರಿಗೆ ಕಳಿಸಬೇಕೇ? ಇದನ್ನು ಲೈಸನ್ಸ್ ಫೀ ಕಟ್ಟುವ ಮೊದಲು ಮನೆಯವರ ಎದುರು ಕೂತು ಮಾತಾಡಬೇಕು. ಎಷ್ಟೋ ಮನೆಗಳಲ್ಲಿ ಹೆಂಡತಿಗೆ ವಿಷಯ ಗೊತ್ತಾಗುವುದು ಚಿನ್ನ ಕೇಳುವ ದಿನ. ಉದ್ರಿ ಕೊಡಲೇಬೇಕಾದರೆ ಮುಳುಗಿದರೂ ಮನೆ ಬೀಳದಷ್ಟು ಮಾತ್ರ ಒಬ್ಬ ಗಿರಾಕಿಗೆ, ಮತ್ತು ಯಾರ ಬಿಲ್ 30 ದಿನ, ಯಾರದ್ದು 60, ಯಾರದ್ದು 90 ದಾಟಿತು ಎಂಬ ಪಟ್ಟಿ ವಾರಕ್ಕೊಮ್ಮೆ. ಇದಕ್ಕೆ ಸಾಫ್ಟ್‌ವೇರ್ ಬೇಡ, ಒಂದು ನೋಟ್‌ಬುಕ್ ಸಾಕು.

ಇದೇ ವ್ಯಾಪಾರವನ್ನು ಮಂಗಳೂರಲ್ಲೋ ಉಡುಪಿಯಲ್ಲೋ ಮಾಡುತ್ತೇನೆ ಅಂತ ಹೊರಡುವವರೂ ಒಂದು ವಿಷಯ ತಿಳಿದಿರಲಿ. ಭಾರತದ ಎಂಎಸ್‌ಎಂಇ ಕಾನೂನಿನ ಪ್ರಕಾರ ಸಣ್ಣ ಉದ್ದಿಮೆಯ ಬಿಲ್ಲನ್ನು ಗಿರಾಕಿ 45 ದಿನದೊಳಗೆ ತೀರಿಸಬೇಕು, ಇಲ್ಲದಿದ್ದರೆ ಚಕ್ರಬಡ್ಡಿ. ಕೇಳಲು ಗಲ್ಫಿಗಿಂತ ಚೆನ್ನಾಗಿದೆ. ಆದರೆ 2021ರ ಜುಲೈಯಲ್ಲಿ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳನ್ನು ಉದ್ಯಮ್ ನೋಂದಣಿಗೆ ಸೇರಿಸಿದಾಗ ಅವರಿಗೆ ಕೊಟ್ಟದ್ದು ಬ್ಯಾಂಕಿನ ಆದ್ಯತಾ ಸಾಲದ ಸೌಲಭ್ಯ ಮಾತ್ರ. ಫಿನಾಯಿಲ್ ತಯಾರಿಸಿ ಮಾರುವವನಿಗೆ 45 ದಿನದ ರಕ್ಷಣೆ ಇದೆ. ಅದೇ ಫಿನಾಯಿಲ್ ತಂದು ಮಾರುವವನಿಗೆ ಇಲ್ಲ.